ಕವಲೇದುರ್ಗ ಮತ್ತು ಕೆಳದಿ ಅರಸರ ಊರುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕವಲೇದುರ್ಗ ಎಲ್ಲಿದೆ? ಹೋಗುವುದು ಹೇಗೆ?

ಕೆಳದಿ ಅರಸರ ಕಾಲದ ಈ ಬೆಟ್ಟದ ಕೋಟೆ ಇರುವುದು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ. ತೀರ್ಥಹಳ್ಳಿ ಪೇಟೆಯಿಂದ ಹೆಚ್ಚುಕಡಿಮೆ 18 ಕಿ.ಮೀ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಬಸ್ಸಿಗೆ ಬರವಿಲ್ಲ, ಸರ್ಕಾರಿ, ಖಾಸಗಿ ಎರಡೂ ಓಡುತ್ತವೆ. ಒಂದೂವರೆ ಗಂಟೆ, ಕೆಲವೊಮ್ಮೆ ಇನ್ನೂ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ತೀರ್ಥಹಳ್ಳಿಯಿಂದ ಮುಂದೆ ಬಸ್ಸು ನಂಬಿ ಹೊರಡಬೇಡಿ. ಹಳ್ಳಿ ಬಸ್ಸುಗಳ ಹೊತ್ತು ಶಾಲೆ, ಪೇಟೆ ಕೆಲಸಕ್ಕೆ ಹೊಂದಿಕೊಂಡಿರುತ್ತದೆಯೇ ಹೊರತು ಕೋಟೆ ನೋಡುವವರಿಗಲ್ಲ. ಬಸ್ ಸ್ಟ್ಯಾಂಡಿನಿಂದ ಆಟೊ ಮಾಡಿಕೊಳ್ಳಿ. ಹೋಗಿ ಬರುವುದು, ಜೊತೆಗೆ ಮೂರೂವರೆ ಗಂಟೆ ಕಾಯುವುದು ಎಂದು ಮೊದಲೇ ಮಾತಾಡಿ. ಒಂದು ಕಡೆ ಬಾಡಿಗೆಗೆ ಮಾತಾಡಿ ಇಳಿದುಕೊಂಡರೆ ವಾಪಸು ಬರಲು ಕೆಳಗೆ ಆಟೊ ಸಿಗುವುದು ಅದೃಷ್ಟವಿದ್ದರೆ ಮಾತ್ರ.

ಸ್ವಂತ ಗಾಡಿಯಲ್ಲಿ ಬರುವವರು ಮ್ಯಾಪು ತೋರಿಸುವ 'ಹತ್ತಿರದ ದಾರಿ'ಗೆ ಮರುಳಾಗಬೇಡಿ. ತೋಟದೊಳಗಿನ ಮಣ್ಣು ರಸ್ತೆಗಳನ್ನೂ ಅದು ರಸ್ತೆಯೆಂದೇ ತೋರಿಸುತ್ತದೆ. ಮಳೆಗಾಲದಲ್ಲಿ ಅಲ್ಲಿ ಹೂತ ಕಾರನ್ನು ಎತ್ತಲು ಟ್ರ್ಯಾಕ್ಟರ್ ಕರೆಸಬೇಕಾಗುತ್ತದೆ. ಟಾರು ರಸ್ತೆಯಲ್ಲೇ ಬನ್ನಿ, ಅನುಮಾನ ಬಂದಲ್ಲಿ ಗಾಡಿ ನಿಲ್ಲಿಸಿ ಕೇಳಿ.

ಒಂದೇ ದಿನದಲ್ಲಿ ಕವಲೇದುರ್ಗ, ನಗರ (ಹಿಂದಿನ ಬಿದನೂರು), ಇಕ್ಕೇರಿ, ಕೆಳದಿ ಎಲ್ಲ ಮುಗಿಯುತ್ತದೆಯೇ?

ಮುಗಿಸಬಹುದು, ನೋಡಲಾಗುವುದಿಲ್ಲ. ಈ ಭಾಗಕ್ಕೆ ಬರುವವರು ಹೆಚ್ಚಾಗಿ ಎಡವುವುದೇ ಇಲ್ಲಿ: ದೂರವನ್ನು ಕಿಲೋಮೀಟರಿನಲ್ಲಿ ಲೆಕ್ಕ ಹಾಕುತ್ತಾರೆ. ಮಲೆನಾಡಿನಲ್ಲಿ ಗಂಟೆಯಲ್ಲಿ ಲೆಕ್ಕ ಹಾಕಬೇಕು. ತಿರುವು, ಏರು, ಎದುರಿಗೆ ಬರುವ ಅಡಿಕೆ ಲಾರಿ, ಮಂಜು ಎಲ್ಲ ಸೇರಿ 30 ಕಿ.ಮೀ.ಗೆ ಒಂದು ಗಂಟೆ ಎಂದಿಟ್ಟುಕೊಂಡರೆ ಲೆಕ್ಕ ತಪ್ಪುವುದಿಲ್ಲ.

ಎರಡು ದಿನವಿದ್ದರೆ ಹೀಗೆ ಮಾಡಿ. ಮೊದಲ ದಿನ ಬೆಳಿಗ್ಗೆ 8ಕ್ಕೆ ಬೆಟ್ಟದ ಬುಡದಲ್ಲಿರಿ, 12ರ ಒಳಗೆ ಇಳಿಯಿರಿ. ಯಡೂರು, ಮಾಸ್ತಿಕಟ್ಟೆ ಮೇಲೆ ನಗರಕ್ಕೆ ಹೋಗಿ, ಮಧ್ಯಾಹ್ನ ಅಲ್ಲಿನ ಕೋಟೆ, ದೇವಗಂಗೆಯ ಕೊಳಗಳನ್ನು ನೋಡಿ. ರಾತ್ರಿ ಹೊಸನಗರದಲ್ಲೋ ಸಾಗರದಲ್ಲೋ ಉಳಿಯಿರಿ. ಎರಡನೆಯ ದಿನ ಇಕ್ಕೇರಿ, ಕೆಳದಿ. ಒಂದೇ ದಿನವಿದ್ದರೆ ಕವಲೇದುರ್ಗ, ನಗರ ಇವೆರಡೇ ಸಾಕು. ಶಿವಮೊಗ್ಗದಿಂದ ಬರುವಾಗ ದಾರಿಯಲ್ಲೇ ಸಿಗುತ್ತದೆಂದು ಸಕ್ರೆಬೈಲಿನ ಆನೆ ಬಿಡಾರಕ್ಕೆ ಇಳಿದರೆ ಬೆಳಗಿನ ಹೊತ್ತೆಲ್ಲ ಅಲ್ಲೇ ಕಳೆಯುತ್ತದೆ, ಬೆಟ್ಟ ಹತ್ತುವಾಗ ನೆತ್ತಿ ಮೇಲೆ ಬಿಸಿಲು. ಆನೆ ನೋಡಲು ಬೇರೆ ದಿನ ಇಟ್ಟುಕೊಳ್ಳಿ.

ಯಾವ ತಿಂಗಳಲ್ಲಿ ಹೋಗುವುದು ಒಳ್ಳೆಯದು?

ಅಕ್ಟೋಬರ್ ಕೊನೆಯಿಂದ ಜನವರಿವರೆಗೆ. ಮಳೆ ನಿಂತಿರುತ್ತದೆ, ಹಸಿರು ಉಳಿದಿರುತ್ತದೆ, ಕೊಳಗಳಲ್ಲಿ ನೀರು ತುಂಬಿರುತ್ತದೆ. ಫೆಬ್ರವರಿಯ ನಂತರ ಹುಲ್ಲು ಒಣಗಿ ಬಂಡೆ ಕಾಯುತ್ತದೆ. ಆಗ ಬೆಳಿಗ್ಗೆ ಬೇಗ ಹತ್ತಿ ಬೇಗ ಇಳಿಯಬೇಕು.

ಮಳೆಗಾಲದ ಬಗ್ಗೆ ಎರಡು ಮಾತು. ಫೋಟೊಗಳಲ್ಲಿ ಕಾಣುವ ಮಂಜು ತುಂಬಿದ ಕೋಟೆ ಜೂನ್‌ನಿಂದ ಸೆಪ್ಟೆಂಬರಿನದು, ಅದು ನಿಜಕ್ಕೂ ಚೆಂದ. ಆದರೆ ಇದು ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ ಬೀಳುವ ಆಗುಂಬೆ, ಹುಲಿಕಲ್ಲುಗಳ ನೆರೆ. ಜುಲೈಯಲ್ಲಿ ಮಳೆ ಹಿಡಿದರೆ ದಿನಗಟ್ಟಲೆ ಬಿಡುವುದಿಲ್ಲ, ಹತ್ತಡಿ ಮುಂದಿನ ಗೋಡೆಯೂ ಕಾಣುವುದಿಲ್ಲ. ಮೊದಲ ಸಲ ಬರುವವರಿಗೆ ಆಗ ಕೋಟೆಯ ವಿನ್ಯಾಸವೇ ಅರ್ಥವಾಗುವುದಿಲ್ಲ. ಒಮ್ಮೆ ಒಣ ಕಾಲದಲ್ಲಿ ನೋಡಿಕೊಂಡು, ಆಮೇಲೆ ಮಳೆಗೆ ಬನ್ನಿ.

ಎಳ್ಳಮಾವಾಸ್ಯೆ ಆಸುಪಾಸಿನಲ್ಲಿ ತೀರ್ಥಹಳ್ಳಿಯಲ್ಲಿ ರಾಮೇಶ್ವರ ಜಾತ್ರೆ. ಆ ದಿನಗಳಲ್ಲಿ ರೂಮು ಸಿಗುವುದು ಕಷ್ಟ, ಪೇಟೆ ದಾಟಲೂ ಹೊತ್ತು ಹಿಡಿಯುತ್ತದೆ.

ಹತ್ತಲು ಎಷ್ಟು ಹೊತ್ತು ಬೇಕು? ತುಂಬಾ ಕಷ್ಟವೇ?

ಇದು ಕೊಡಚಾದ್ರಿಯಂಥ ಚಾರಣವಲ್ಲ. ಗಾಡಿ ನಿಲ್ಲಿಸಿ, ಗದ್ದೆ ಬದಿಯಲ್ಲಿ ಸ್ವಲ್ಪ ನಡೆದರೆ ಕಲ್ಲು ಹಾಸಿದ ಹಳೆಯ ದಾರಿ ಸಿಗುತ್ತದೆ. ಅಲ್ಲಿಂದ ಕೊನೆಯವರೆಗೂ ಅದೇ ದಾರಿ. ಸಾಧಾರಣ ಆರೋಗ್ಯ ಇರುವವರಿಗೆ ಮುಕ್ಕಾಲರಿಂದ ಒಂದು ಗಂಟೆ. ಮೇಲೆ ನೋಡಲು ಕನಿಷ್ಠ ಒಂದೂವರೆ ಗಂಟೆ, ಇಳಿಯಲು ಮುಕ್ಕಾಲು ಗಂಟೆ. ಒಟ್ಟು ಮೂರೂವರೆ ಗಂಟೆ ಎತ್ತಿಡಿ.

ಕಲ್ಲು ಜಾರುತ್ತದಂತೆ. ಯಾವ ಶೂ ಹಾಕಬೇಕು?

ಹೌದು, ಜಾರುತ್ತದೆ. ಕೋಟೆಯಲ್ಲಿ ಆಗುವ ಅನಾಹುತಗಳಲ್ಲಿ ಹೆಚ್ಚಿನವು ಬೀಳುವುದರಿಂದಲೇ ಆಗುವಂಥವು, ಅದೂ ಇಳಿಯುವಾಗ. ಹಾಸುಗಲ್ಲುಗಳು ನೂರಾರು ವರ್ಷದ ಕಾಲ್ತುಳಿತಕ್ಕೆ ನುಣುಪಾಗಿವೆ. ಮೇಲೆ ಹಾವಸೆ (ಪಾಚಿ) ಕಟ್ಟಿರುತ್ತದೆ. ಮಳೆ ನಿಂತು ತಿಂಗಳಾದ ಮೇಲೂ ಮರದ ನೆರಳಿನ ಕಲ್ಲುಗಳಲ್ಲಿ ಹಾವಸೆ ಒಣಗಿರುವುದಿಲ್ಲ. ಕಪ್ಪಗೆ ಹೊಳೆಯುವ ಕಲ್ಲು ಕಂಡರೆ ಅದರ ಮೇಲೆ ಕಾಲಿಡಬೇಡಿ. ಎರಡು ಕಲ್ಲು ಸೇರುವ ಸಂದಿನಲ್ಲಿ, ಹುಲ್ಲು ಮಣ್ಣು ತುಂಬಿದ ಕಡೆ ಹೆಜ್ಜೆ ಇಡಿ. ಇಳಿಯುವಾಗ ಪಾದವನ್ನು ಸ್ವಲ್ಪ ಅಡ್ಡ ತಿರುಗಿಸಿ, ಮೊಣಕಾಲು ಬಗ್ಗಿಸಿ, ಸಣ್ಣ ಹೆಜ್ಜೆ. ಕೈಯಲ್ಲಿ ಫೋನು ಬೇಡ.

ಶೂ ಹೊಸದಾಗಿರಬೇಕೆಂದಿಲ್ಲ, ಅಡಿ ಸವೆದಿರಬಾರದು. ಮೆತ್ತನೆಯ ರಬ್ಬರಿನ, ಆಳವಾದ ಗೆರೆಯ ಸೋಲು ಹಿಡಿಯುತ್ತದೆ. ಗಟ್ಟಿ ಪ್ಲಾಸ್ಟಿಕ್ ಸೋಲಿನ ಸ್ಯಾಂಡಲು ಜಾರುಬಂಡೆಗೆ ಸಮ. ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ: ಕಪಾಟಿನಲ್ಲಿ ವರ್ಷಗಟ್ಟಲೆ ಇಟ್ಟ ಟ್ರೆಕ್ಕಿಂಗ್ ಶೂಗಳ ಅಂಟು ತೇವಕ್ಕೆ ಬಿಡುತ್ತದೆ, ಅರ್ಧ ದಾರಿಯಲ್ಲಿ ಸೋಲು ಬಾಯಿ ತೆರೆಯುತ್ತದೆ. ಹೊರಡುವ ಮೊದಲು ಮುಂಗಾಲ ಹತ್ತಿರ ಶೂವನ್ನು ಬಗ್ಗಿಸಿ ನೋಡಿ. ಒಂದು ಗಜ ಗಟ್ಟಿ ದಾರ ಚೀಲದಲ್ಲಿದ್ದರೆ ಬಿಗಿದು ಕಟ್ಟಿಕೊಂಡಾದರೂ ಕೆಳಗಿಳಿಯಬಹುದು.

ಉಂಬಳದ (ಜಿಗಣೆಯ) ಕಾಟ ತಪ್ಪಿಸಿಕೊಳ್ಳುವುದು ಹೇಗೆ?

ಜೂನ್‌ನಿಂದ ನವೆಂಬರ್‌ವರೆಗೆ ಪೂರ್ತಿ ತಪ್ಪಿಸಿಕೊಳ್ಳಲು ಆಗುವುದಿಲ್ಲ, ಕಡಿಮೆ ಮಾಡಿಕೊಳ್ಳಬಹುದು. ಪ್ಯಾಂಟಿನ ಕಾಲನ್ನು ಸಾಕ್ಸಿನೊಳಗೆ ತುರುಕಿ. ಊರವರು ಹೊಗೆಸೊಪ್ಪು, ಸುಣ್ಣ ಕಲಸಿದ ನೀರನ್ನು ಕಾಲಿಗೆ ಬಳಿದುಕೊಳ್ಳುತ್ತಾರೆ. ಅದು ಕೆಲಸ ಮಾಡುತ್ತದೆ, ಆದರೆ ಗದ್ದೆ ಬದಿಯ ನೀರಿನಲ್ಲಿ ಎರಡು ಸಲ ಕಾಲದ್ದಿದರೆ ತೊಳೆದುಹೋಗುತ್ತದೆ. ಉಪ್ಪಿನ ಪುಡಿಯನ್ನು ಸಾಕ್ಸಿನ ಮೇಲೆ ಉಜ್ಜಿಕೊಳ್ಳಿ. ಹಾದಿ ಮಧ್ಯೆ ನಿಲ್ಲುವುದಿದ್ದರೆ ಬಂಡೆ ಮೇಲೆ ನಿಲ್ಲಿ, ತರಗೆಲೆ ಮೇಲೆ ನಿಲ್ಲಬೇಡಿ.

ಕಚ್ಚಿದ್ದು ಕಂಡರೆ ನಡುವಿನಲ್ಲಿ ಹಿಡಿದು ಎಳೆಯಬೇಡಿ. ಎರಡು ತುದಿಯಲ್ಲಿ ಸಪೂರವಾದದ್ದು ಬಾಯಿ. ಅಲ್ಲಿ ಚರ್ಮಕ್ಕೆ ಉಗುರು ಒತ್ತಿ ಪಕ್ಕಕ್ಕೆ ಜಾರಿಸಿದರೆ ಬಿಡುತ್ತದೆ. ಗಾಯದ ಮೇಲೇ ಉಪ್ಪು ಸುರಿಯುವುದು, ಬೀಡಿ ತಾಗಿಸುವುದು ಬೇಡ; ಉಂಬಳ ಹೊಟ್ಟೆಯಲ್ಲಿದ್ದುದನ್ನು ಗಾಯಕ್ಕೇ ಕಕ್ಕುತ್ತದೆ. ರಕ್ತ ಸ್ವಲ್ಪ ಹೊತ್ತು ಹರಿಯುತ್ತಲೇ ಇರುತ್ತದೆ, ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶವಿದೆ. ಸೋಪು ನೀರಿನಲ್ಲಿ ತೊಳೆದು, ಬಟ್ಟೆ ಮಡಚಿ ಒತ್ತಿ ಹಿಡಿಯಿರಿ. ಎರಡು ಮೂರು ದಿನ ತುರಿಕೆ ಇರುತ್ತದೆ, ಕೆರೆದರೆ ಹುಣ್ಣಾಗುತ್ತದೆ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಮಳೆಗಾಲದಲ್ಲಿ ಬರದಿರುವುದೇ ಲೇಸು.

ಬೇಸಿಗೆಯಲ್ಲಿ ಮಂಗನ ಕಾಯಿಲೆ ಭಯವಿದೆಯೇ?

ಭಯ ಬೇಡ, ಎಚ್ಚರ ಬೇಕು. ಉಂಬಳ ಅಂಜಿಸುತ್ತದೆಯೇ ಹೊರತು ಕೊಲ್ಲುವುದಿಲ್ಲ. ಉಣುಗು (ಉಣ್ಣೆ) ಸುಲಭಕ್ಕೆ ಕಾಣುವುದಿಲ್ಲ, ಆದರೆ ಕಾಯಿಲೆ ತರುತ್ತದೆ. ಬರುವವರು ಇದನ್ನು ತಿರುವುಮುರುವಾಗಿ ತಿಳಿದಿರುತ್ತಾರೆ. ಈ ರೋಗ ಮೊದಲು ಪತ್ತೆಯಾದದ್ದು 1957ರಲ್ಲಿ, ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳಲ್ಲಿ ಡಿಸೆಂಬರಿನಿಂದ ಮೇವರೆಗೆ ಪ್ರಕರಣಗಳು ಕಾಣಿಸಿಕೊಳ್ಳುತ್ತವೆ. ಹರಡುವುದು ಉಣುಗಿನಿಂದ, ಅದರ ಮರಿಗಳು ಸುಲಭಕ್ಕೆ ಕಣ್ಣಿಗೆ ಬೀಳದಷ್ಟು ಸಣ್ಣ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ.

ಮಾಡಬೇಕಾದ್ದು ಇಷ್ಟು. ತುಂಬು ತೋಳಿನ, ತಿಳಿ ಬಣ್ಣದ ಬಟ್ಟೆ. ಉಣುಗು ಹತ್ತಿದ್ದು ಕಾಣುತ್ತದೆ. ಬಯಲಾಗಿರುವ ಚರ್ಮಕ್ಕೆ ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆ ಹಚ್ಚಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೇಳಿ ನೋಡಿ. ಕೋಟೆಯ ಹಾಸುಗಲ್ಲಿನ ದಾರಿ ಬಿಟ್ಟು ಪೊದೆಯೊಳಗೆ ನುಗ್ಗಬೇಡಿ, ತರಗೆಲೆ ರಾಶಿಯ ಮೇಲೆ ಕೂರಬೇಡಿ. ವಾಪಸು ಬಂದ ಕೂಡಲೇ ಬಿಸಿನೀರು ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಕಂಕುಳು, ಸೊಂಟ, ಮೊಣಕಾಲ ಹಿಂದೆ ನೋಡಿಕೊಳ್ಳಿ. ಅಂಟಿದ್ದರೆ ಚಿಮಟದಿಂದ ಚರ್ಮಕ್ಕೆ ತಾಗುವಂತೆ ಹಿಡಿದು ನೇರವಾಗಿ ಎಳೆಯಿರಿ, ಬೆರಳಲ್ಲಿ ಹೊಸಕಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರಿನವರಿಗೆ ಇಲ್ಲವೇ ಪಂಚಾಯಿತಿಗೆ ತಿಳಿಸಿ.

ಊರಿಗೆ ಹೋದ ವಾರ ಹತ್ತು ದಿನದೊಳಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆ ಸಿಡಿತ, ಮೈಕೈ ನೋವು ಬಂದರೆ ಡಾಕ್ಟರಿಗೆ 'ಮಲೆನಾಡಿನ ಕಾಡಿಗೆ ಹೋಗಿದ್ದೆ' ಎಂದು ನೀವೇ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಬೆಂಗಳೂರಿನಲ್ಲಿ ಡೆಂಗಿ ಪರೀಕ್ಷೆಯಲ್ಲೇ ನಾಲ್ಕು ದಿನ ಕಳೆದುಹೋಗಬಹುದು.

ಮೇಲೆ ನೋಡಲು ಏನಿದೆ? ಹಾಳು ಗೋಡೆ ಅಷ್ಟೇ ತಾನೇ?

ನೀರಿನ ಜಾಡು ಹಿಡಿದು ನೋಡಿದರೆ ಹಾಳು ಗೋಡೆ ಎನಿಸುವುದಿಲ್ಲ. ಗುಡ್ಡದ ಏರಿಳಿತಕ್ಕೆ ತಕ್ಕಂತೆ ಬಳಸಿಕೊಂಡು ಮೂರು ಸುತ್ತು ಗೋಡೆ. ಪ್ರತಿ ಸುತ್ತಿಗೂ ಹೆಬ್ಬಾಗಿಲು, ಬಾಗಿಲ ಇಕ್ಕೆಲದಲ್ಲಿ ಕಾವಲುಗಾರರ ಕೋಣೆ. ಗೋಡೆಗೆ ಇಟ್ಟಿರುವ ಒಂದೊಂದು ಕಲ್ಲೂ ಆಳೆತ್ತರಕ್ಕೆ ಹತ್ತಿರ ಬರುವಂಥದ್ದು. ಆದರೆ ಗೋಡೆ ಎಷ್ಟೇ ಗಟ್ಟಿಯಿದ್ದರೂ ನೀರಿಲ್ಲದ ಕೋಟೆ ಮುತ್ತಿಗೆಗೆ ನಿಲ್ಲುವುದಿಲ್ಲ. ಇಲ್ಲಿ ಏಳು ಕೊಳಗಳಿದ್ದವೆನ್ನುತ್ತಾರೆ. ಬೇರೆ ಬೇರೆ ಹಂತದಲ್ಲಿ, ಮೆಟ್ಟಿಲು ಕಟ್ಟಿದ ಕೊಳಗಳು. ಮಳೆ ನೀರನ್ನು ಗುಡ್ಡದ ಮೇಲೇ ಹಿಡಿದಿಟ್ಟುಕೊಳ್ಳುವ ಏರ್ಪಾಡು ಇದು.

ಅರಮನೆಯ ಜಾಗದಲ್ಲಿ ಅವಸರ ಮಾಡಬೇಡಿ. ಮರದ ಕಂಬ, ಮಾಡು ಎಲ್ಲ ಹೋಗಿ ಕಲ್ಲಿನ ಜಗುಲಿ, ಕಂಬದ ಬುಡಗಳಷ್ಟೇ ಉಳಿದಿವೆ. ಹಾಗಾಗಿ ಇದು ನೆಲದ ಮೇಲೆ ಬಿಡಿಸಿದ ಮನೆಯ ನಕ್ಷೆಯಂತೆ ಓದಲು ಸಿಗುತ್ತದೆ: ಇದು ಹಜಾರ, ಇದು ದೇವರ ಕೋಣೆ, ಇದು ಅಡುಗೆಮನೆ. ಅಡುಗೆಮನೆಯಲ್ಲಿ ಏಕಕಾಲಕ್ಕೆ ಐದು ಪಾತ್ರೆ ಇಡಬಹುದಾದ ಕಲ್ಲಿನ ಒಲೆ ಇದೆ. ಬಗ್ಗಿ ನೋಡಿ. ಪಕ್ಕದಲ್ಲೇ ಬಚ್ಚಲು, ನೀರು ಬರುವ, ಹೊರಹೋಗುವ ಕಲ್ಲಿನ ಕಾಲುವೆಯನ್ನು ಕಣ್ಣಲ್ಲೇ ಹಿಂಬಾಲಿಸಿದರೆ ಎಲ್ಲಿಗೆ ಮುಟ್ಟುತ್ತದೆಂದು ಗೊತ್ತಾಗುತ್ತದೆ. ಬಹಳ ಮಂದಿ ಈ ಒಲೆಯ ಮೇಲೇ ಕೂತು ಫೋಟೊ ತೆಗೆಸಿಕೊಂಡು ಹೋಗುತ್ತಾರೆ, ಅದು ಒಲೆ ಎಂದು ತಿಳಿಯದೆ.

ಕಾಶಿ ವಿಶ್ವನಾಥ ದೇವಸ್ಥಾನದ ಮುಂದೆ ಎರಡು ಎತ್ತರದ ಕಂಬಗಳಿವೆ. ತುತ್ತತುದಿಯಲ್ಲಿ ಪುಟ್ಟ ಶಿಖರೇಶ್ವರ ಗುಡಿ. ಅಲ್ಲಿಂದ ವಾರಾಹಿಯ ಹಿನ್ನೀರು, ಘಟ್ಟದ ಸಾಲು ಕಾಣುತ್ತವೆ.

ಈ ಕೋಟೆ ಕಟ್ಟಿದವರು ಯಾರು?

ಕೋಟೆಯ ಮೂಲ ಹಳೆಯದು. ಈಗ ಕಾಣುವುದರಲ್ಲಿ ಹೆಚ್ಚಿನದು ಕೆಳದಿ ಅರಸರ ಕಾಲದ್ದು, ಅದರಲ್ಲೂ ವೆಂಕಟಪ್ಪ ನಾಯಕನ ಹೆಸರು ಮುಖ್ಯ. ಭುವನಗಿರಿ ದುರ್ಗ ಎಂದೂ ಕರೆಯುತ್ತಿದ್ದರು. ಕೆಳದಿಯವರ ರಾಜಧಾನಿ ಮೊದಲು ಕೆಳದಿ, ಆಮೇಲೆ ಇಕ್ಕೇರಿ, ಕೊನೆಗೆ ಬಿದನೂರು. ಬಿದನೂರೇ ಈಗಿನ ನಗರ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದಲ್ಲಿಗೆ ಆ ರಾಜ್ಯ ಮುಗಿಯಿತು. ಈ ಸಾಲನ್ನು ತಲೆಯಲ್ಲಿಟ್ಟುಕೊಂಡರೆ ಊರುಗಳನ್ನು ನೋಡುವ ಕ್ರಮ ತಾನಾಗಿ ಅರ್ಥವಾಗುತ್ತದೆ.

ಕೊಳಗಳಲ್ಲಿ ಈಜಬಹುದೇ? ನೀರು ಕುಡಿಯಬಹುದೇ?

ಎರಡೂ ಬೇಡ. ನೀರಿನೊಳಗಿನ ಮೆಟ್ಟಿಲು ಹಾವಸೆಯಿಂದ ಜಾರುತ್ತದೆ, ತಳದ ಕೆಸರು ಎಷ್ಟು ಆಳವೆಂದು ಮೇಲಿನಿಂದ ಕಾಣುವುದಿಲ್ಲ. ಒಬ್ಬರು ಜಾರಿದರೆ ಎತ್ತಲು ಹೋದವರೂ ಸಿಕ್ಕಿಬೀಳುತ್ತಾರೆ.

ನಗರದಲ್ಲಿ ಏನೇನು ನೋಡಬೇಕು?

ರಸ್ತೆ ಪಕ್ಕದ ದಿಬ್ಬದ ಮೇಲೆ ಶಿವಪ್ಪ ನಾಯಕನ ಕೋಟೆ. ಕೆರೆ ಒಂದು ಮಗ್ಗುಲಿಗೆ. ಹತ್ತಲು ಹತ್ತು ನಿಮಿಷವೂ ಬೇಡ. ಒಳಗೆ ದರ್ಬಾರಿನ ಜಗುಲಿ, ಅಕ್ಕ-ತಂಗಿ ಕೊಳ. ಶಿವಪ್ಪ ನಾಯಕ ಆಳಿದ್ದು 1645ರಿಂದ 1660ರವರೆಗೆ. ಅವನು ಭೂಕಂದಾಯ ಗೊತ್ತುಮಾಡಿದ 'ಶಿಸ್ತು' ಎಂಬ ಪದ್ಧತಿ ಮಲೆನಾಡಿನ ರೈತರ ಬಾಯಲ್ಲಿ ಈಗಲೂ ಇದೆ. ಘಟ್ಟದ ಮೇಲಿನ ಮೆಣಸು, ಅಡಿಕೆ ಕರಾವಳಿಗೆ ಇಳಿಯುತ್ತಿದ್ದ ಹಾದಿಯ ಮೇಲೆ ಕೂತಿದ್ದರಿಂದಲೇ ಬಿದನೂರಿಗೆ ಆ ಸಿರಿ. ನೀವು ಮಾಸ್ತಿಕಟ್ಟೆ ಕಡೆಯಿಂದ ಬಂದರೆ ಹುಲಿಕಲ್ ಘಾಟಿಯ ತಲೆಯ ಹತ್ತಿರ ಹಾದು ಬರುತ್ತೀರಿ, ಕೆಳಗೆ ಹೊಸಂಗಡಿ, ಮುಂದೆ ಕುಂದಾಪುರ. ರಾಜಧಾನಿ ಇಲ್ಲೇಕೆ ಎಂಬ ಪ್ರಶ್ನೆಗೆ ಆ ರಸ್ತೆಯೇ ಉತ್ತರ.

ಕೋಟೆ ನೋಡಿ ನೇರ ಕೊಲ್ಲೂರಿಗೆ ಓಡುವವರು ದೇವಗಂಗೆಯನ್ನು ತಪ್ಪಿಸಿಕೊಳ್ಳುತ್ತಾರೆ. ನಗರದ ಸಮೀಪ, ಬಸವನಬ್ಯಾಣದಲ್ಲಿ ಬೇರೆ ಬೇರೆ ಆಕಾರದ ಕಲ್ಲಿನ ಕೊಳಗಳ ಗುಂಪು. ಒಂದು ನಕ್ಷತ್ರದಂತೆ, ಒಂದು ಕಮಲದಂತೆ. ಊಟೆಯ (ನೆಲದಿಂದ ಉಕ್ಕುವ) ನೀರು ಬೇಸಿಗೆಯಲ್ಲೂ ಹರಿಯುತ್ತಿರುತ್ತದೆ. ಕವಲೇದುರ್ಗದಲ್ಲಿ ಮಳೆ ನೀರು ಹಿಡಿದದ್ದನ್ನು ನೋಡಿ ಬಂದವರಿಗೆ ಇಲ್ಲಿ ಹರಿಯುವ ನೀರನ್ನು ಆಡಿಸಿದ್ದು ನೋಡಲು ಸಿಗುತ್ತದೆ. ಕೋಟೆಗಿಂತ ಇದಕ್ಕೇ ಹೆಚ್ಚು ಹೊತ್ತು ಕೊಡಿ.

ಇಕ್ಕೇರಿ ಮೊದಲೋ ಕೆಳದಿ ಮೊದಲೋ?

ಇಕ್ಕೇರಿ ಸಾಗರದಿಂದ ದಕ್ಷಿಣಕ್ಕೆ ಸುಮಾರು 6 ಕಿ.ಮೀ., ಕೆಳದಿ ಉತ್ತರಕ್ಕೆ 8 ಕಿ.ಮೀ. ಹೊಸನಗರದ ಕಡೆಯಿಂದ ಬರುವವರಿಗೆ ಇಕ್ಕೇರಿ ಮೊದಲು. ಅಘೋರೇಶ್ವರ ದೇವಸ್ಥಾನದ ಮುಂದಿನ ನಂದಿ ಮಂಟಪ ಎಲ್ಲರೂ ನೋಡುತ್ತಾರೆ. ಒಳಗೆ ಗರ್ಭಗುಡಿಯ ಎದುರು ನೆಲವನ್ನೂ ನೋಡಿ: ಮೂವರು ಅರಸರು ಅಡ್ಡಬಿದ್ದ ಉಬ್ಬುಚಿತ್ರ, ಹೆಸರು ಸಮೇತ. ಅವರಲ್ಲಿ ಹುಚ್ಚ ಸೋಮಶೇಖರನ ಕೈಕಾಲಿಗೆ ಬೇಡಿ ಇದೆ. ಮಬ್ಬು ಬೆಳಕಿನಲ್ಲಿ ತುಳಿದುಕೊಂಡೇ ಹೋಗಿಬಿಡುವ ಜಾಗ ಅದು. ಪೂಜೆಯ ಹೊತ್ತಿನಲ್ಲಿ ಅರ್ಚಕರನ್ನು ಕೇಳಿದರೆ ತೋರಿಸುತ್ತಾರೆ.

ಕೆಳದಿಯಲ್ಲಿ ರಾಮೇಶ್ವರ, ವೀರಭದ್ರ, ಪಾರ್ವತಿ ಗುಡಿಗಳು ಒಂದೇ ಆವರಣದಲ್ಲಿ. ವೀರಭದ್ರ ಗುಡಿಯ ಮಾಳಿಗೆಯಲ್ಲಿ ಗಂಡಭೇರುಂಡ, ಪಾರ್ವತಿ ಗುಡಿಯ ಮಾಳಿಗೆಯಲ್ಲಿ ಮರದ ಕೆತ್ತನೆ. ಕತ್ತು ನೋಯುವಷ್ಟು ಮೇಲೆ ನೋಡಬೇಕು. ಊರಲ್ಲೇ ತಾಳೆಗರಿ, ಹಳೆಯ ದಾಖಲೆಗಳ ವಸ್ತು ಸಂಗ್ರಹಾಲಯವಿದೆ. ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು ಬಂದ ಶಿವಾಜಿಯ ಮಗ ರಾಜಾರಾಮನಿಗೆ 1689ರಲ್ಲಿ ಆಸರೆ ಕೊಟ್ಟ ಚೆನ್ನಮ್ಮಾಜಿ ಈ ಮನೆತನದವಳೇ. ಕಿತ್ತೂರು ಚೆನ್ನಮ್ಮ ಬೇರೆ, ಇವಳು ಬೇರೆ. ಕೇಳುವವರು ಬಹಳ ಇರುವುದರಿಂದ ಹೇಳಿದ್ದು.

ರೈಲಿನಲ್ಲಿ ಬರುವವರಿಗೆ ತಾಳಗುಪ್ಪ ಮಾರ್ಗದ ಸಾಗರ ಜಂಬಗಾರು ನಿಲ್ದಾಣ ಹತ್ತಿರ.

ಜೈನ ಕ್ಷೇತ್ರ ಹುಂಚವನ್ನೂ (ಹೊಂಬುಜ) ಸೇರಿಸಿಕೊಳ್ಳಬಹುದೇ?

ಅರ್ಧ ದಿನ ಹೆಚ್ಚು ಇದ್ದರೆ. ಇದು ಕೆಳದಿಯವರಿಗಿಂತ ಬಹಳ ಹಿಂದಿನ ಕಥೆ, ಸಾಂತರ ಅರಸರ ಊರು. ಪದ್ಮಾವತಿ ಅಮ್ಮನವರ ದರ್ಶನ ಮಾಡಿ ಹೊರಡಬೇಡಿ, 1077ರಲ್ಲಿ ಚಟ್ಟಲದೇವಿ ಕಟ್ಟಿಸಿದ ಪಂಚಕೂಟ ಬಸದಿ ನೋಡಿ.

ವಯಸ್ಸಾದವರನ್ನು, ಮಕ್ಕಳನ್ನು ಕರೆತರಬಹುದೇ?

ಏಳೆಂಟು ವರ್ಷದ ಮಕ್ಕಳು ಆರಾಮಾಗಿ ಹತ್ತುತ್ತಾರೆ, ಗೋಡೆ ಅಂಚಿಗೆ ಓಡದಂತೆ ನೋಡಿಕೊಳ್ಳಬೇಕಷ್ಟೆ; ತಡೆಗಂಬಿ ಇದೆಯೆಂದು ನಂಬಬೇಡಿ. ಮೊಣಕಾಲು ನೋವಿರುವ ಹಿರಿಯರಿಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಅಂಥವರಿಗೆ ಆಗುಂಬೆ ದಾರಿಯ ಗುಡ್ಡೇಕೇರಿ ಸಮೀಪದ ಕುಂದಾದ್ರಿ ಒಳ್ಳೆಯದು. ಬಹುಪಾಲು ಮೇಲಿನವರೆಗೆ ರಸ್ತೆ ಇದೆ, ಕೊನೆಗೆ ಕೆಲವು ಮೆಟ್ಟಿಲು, ಮೇಲೆ ಪಾರ್ಶ್ವನಾಥ ಬಸದಿ, ಬಂಡೆಯ ಕೊಳ. ರಸ್ತೆ ಕಡಿದು ಏರುತ್ತದೆ, ಇಳಿಯುವಾಗ ಬ್ರೇಕ್ ಒತ್ತಿಕೊಂಡೇ ಬಂದರೆ ಕಾದು ಹಿಡಿತ ತಪ್ಪುತ್ತದೆ. ಫಸ್ಟ್ ಗೇರಿನಲ್ಲಿ ಇಳಿಸಿ.

ಊಟ, ನೀರು?

ತೀರ್ಥಹಳ್ಳಿಯಲ್ಲಿ ತಿಂಡಿ ಮುಗಿಸಿಕೊಳ್ಳಿ. ತಲೆಗೆ ಒಂದೂವರೆ ಲೀಟರ್ ನೀರು, ಬೇಸಿಗೆಯಲ್ಲಿ ಎರಡು. ಬುತ್ತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕೈಯಲ್ಲಿ ಹಿಡಿದು ಹೋಗಬೇಡಿ, ಕವರಿನ ಸದ್ದಿಗೇ ಮಂಗಗಳು ಬರುತ್ತವೆ. ಖಾಲಿ ಬಾಟಲಿ ನೀವೇ ಕೆಳಗೆ ತನ್ನಿ.

ಮೇಲೆ ಟೆಂಟ್ ಹಾಕಬಹುದೇ? ಸೂರ್ಯಾಸ್ತ ನೋಡಬಹುದೇ?

ಟೆಂಟ್ ಇಲ್ಲ, ಬೆಂಕಿ ಇಲ್ಲ, ಅನುಮತಿ ಇಲ್ಲದೆ ಡ್ರೋನ್ ಇಲ್ಲ. ಇದು ಸಂರಕ್ಷಿತ ಸ್ಮಾರಕ. ಸೂರ್ಯಾಸ್ತದ ಆಸೆ ಎಲ್ಲರಿಗೂ ಇರುತ್ತದೆ, ಆದರೆ ಸೂರ್ಯ ಮುಳುಗಿದ ಮೇಲೆ ಮರದಡಿಯ ದಾರಿ ಇಪ್ಪತ್ತು ನಿಮಿಷದಲ್ಲಿ ಕತ್ತಲಾಗುತ್ತದೆ, ಮೇಲೆ ಹೇಳಿದ ಜಾರುವ ಕಲ್ಲು ಆಗ ಕಾಣುವುದಿಲ್ಲ. ಸಂಜೆ 5ಕ್ಕೆ ಇಳಿಯಲು ಶುರುಮಾಡಿ. ಕಾವಲುಗಾರರು ಅದಕ್ಕಿಂತ ಮೊದಲೇ ಇಳಿಯಿರಿ ಎಂದರೆ ವಾದ ಬೇಡ.

ಫೋನ್ ಸಿಗುತ್ತದೆಯೇ? ಪೆಟ್ರೋಲ್, ದುಡ್ಡು?

ಸಿಗ್ನಲ್ ಬರುತ್ತದೆ ಹೋಗುತ್ತದೆ. ಗುಡ್ಡದ ತುದಿಯಲ್ಲಿ ಸಿಕ್ಕರೂ ಬುಡದಲ್ಲಿ ಸಿಗದಿರಬಹುದು. ಮ್ಯಾಪನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಪೆಟ್ರೋಲ್ ತೀರ್ಥಹಳ್ಳಿಯಲ್ಲೇ ತುಂಬಿಸಿ, ನಗರದವರೆಗೆ ಕಾಡುದಾರಿ. ನೆಟ್‌ವರ್ಕ್ ಇಲ್ಲದ ಕಡೆ ಸ್ಕ್ಯಾನ್ ಮಾಡಿ ದುಡ್ಡು ಕೊಡಲಾಗದು, ಚಿಲ್ಲರೆ ನೋಟು ಇರಲಿ. ಯಾರಿಗಾದರೂ ಪೆಟ್ಟಾದರೆ 108ಕ್ಕೆ ಫೋನ್ ಹೋಗುವ ಜಾಗ ಹುಡುಕುತ್ತಾ ಕೂರುವ ಬದಲು, ಬುಡದ ಊರಿನವರಿಗೆ ಸುದ್ದಿ ಮುಟ್ಟಿಸಿ, ಇರುವ ಗಾಡಿಯಲ್ಲೇ ತೀರ್ಥಹಳ್ಳಿಯ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ.